ತಂಪು ಕಡಲು

ಬಚ್ಚಲಮನೆಯಲ್ಲಿ ಬುಗುರಿ ಹಾಡುತ್ತಿದ್ದಳು. ತನ್ನ ಕೆಲಸವೆಲ್ಲ ತಪ್ಪಾಗಿದೆ ಎಂದು ನಿನ್ನೆ ಸಂಜೆಯಷ್ಟೇ ಗೊತ್ತಾದವಳು ಇವತ್ತು ಬೆಳಿಗ್ಗೆ ಹೀಗೆ ಗಂಟಲು ಬಿಟ್ಟು ಹಾಡಬಹುದೇ ಎಂದು ಅಡುಗೆಮನೆಯಲ್ಲಿ ತಿಂಡಿಗೆ ಕುಳಿತಿದ್ದ ಅಕ್ಕನಿಗೆ ಆಶ್ಚರ್ಯವಾಯಿತು. ಆಶ್ಚರ್ಯ ಎಂದರೆ ಪೂರ್ತಿ ಸರಿಯಲ್ಲ. ಆಶ್ಚರ್ಯದ ಪಕ್ಕದ ಮನೆಯಲ್ಲಿ ವಾಸವಾಗಿರುವಂಥದ್ದೇನೋ. ತಾನಾಗಿದ್ದರೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು, ಎದ್ದಮೇಲೆ ಕನ್ನಡಿಗೆ ಮುಖ ಕೊಡಲು ನಾಚುತ್ತಿದ್ದಳು, ಅಮ್ಮ ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಬುಗುರಿಯೋ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದು, ಅಕ್ಕನ ತಟ್ಟೆಯಿಂದಲೇ ಒಂದು ತುಣುಕು ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡು, "ದೊಡ್ಡಮ್ಮಾ, ಇವತ್ತು ನನ್ನ ಮರ್ಯಾದೆ ಹರಾಜು," ಎಂದಳು.

"ಯಾಕೇ, ಏನು ಮಾಡ್ಕೊಂಡೆ?"

"ಸಮುದ್ರ ಕಾಯಿಸ್ಬಿಟ್ಟಿದೀನಿ. ಅಕ್ಕಂದು ಇಪ್ಪತ್ನಾಲ್ಕು ಡಿಗ್ರಿ, ನಂದು ಮೂವತ್ಮೂರು. ಒಂದೇ ಸಮುದ್ರ, ಒಂದೇ ಕಾಲ! ಎಲ್ಲೋ ಎಡವಟ್ಟಾಗಿದೆ. ಮಧ್ಯಾಹ್ನ ಮೀಟಿಂಗಲ್ಲಿ ಎದ್ದು ನಿಂತು, ಮೇಡಂ ನಂದು ಬಿಸಾಕಿ, ಅಕ್ಕಂದೇ ಕಳಿಸಿ ಅಂತ ಹೇಳ್ಬಿಡ್ತೀನಿ."

"ಒಲೆ ಮೇಲಿಟ್ಟ ಹಾಲೇ ನಿನ್ನ ಕೈಲಿ ಉಕ್ಕತ್ತೆ, ಇನ್ನು ಸಮುದ್ರ ಬಿಡ್ತೀಯಾ," ಎಂದು ಅಮ್ಮ ನಗುತ್ತ ಕಿತ್ತಳೆ ಸುಲಿದು ಮೊದಲ ತೊಳೆಯನ್ನು ಬುಗುರಿಗೆ ಕೊಟ್ಟಳು. ಎರಡನೆಯದನ್ನೂ. ಮೂರನೆಯದನ್ನು ಕೊಡುವಾಗ ನೆನಪಾದಂತೆ ಈ ಕಡೆ ತಿರುಗಿ, "ನಿಂಗೆ ಹುಳಿ ಆಗಲ್ಲ ಅಲ್ವಾ," ಎಂದಳು. ಹುಳಿ ಆಗುವುದಿಲ್ಲ ಎಂದು ಅವಳು ಯಾವತ್ತೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಜ್ವರ ಬಂದು ಬೇಡ ಎಂದಿದ್ದಳೇನೋ. ಅಷ್ಟು ಸಾಕಾಗಿತ್ತು. ಅವಳು ಒಮ್ಮೆ ಹೇಳಿದ್ದು ಕಲ್ಲಿನಲ್ಲಿ ಕೆತ್ತಿದಂತೆ ಉಳಿದುಬಿಡುತ್ತಿತ್ತು. ಬುಗುರಿ ಗಂಟೆಗೊಂದು ಮಾತಾಡಿದರೂ ಜನ ಹೊಸದಾಗಿ ಕಿವಿಗೊಡುತ್ತಿದ್ದರು. ತಪ್ಪು ಮಾಡುವುದು ಕೂಡ ಇವಳಿಗೆ ಒಪ್ಪುತ್ತದೆ ಎಂದುಕೊಂಡಳು ಅವಳು. ಕೆಲವರಿಗೆ ಹಳದಿ ಬಣ್ಣ ಒಪ್ಪುತ್ತದಲ್ಲ, ಹಾಗೆ.

ಚಿಕ್ಕಮ್ಮನ ಮಗಳಾದ ಬುಗುರಿ ಓದು ಮುಗಿಸಿ ಈ ಮನೆಗೆ ಬಂದಾಗ ತನ್ನ ಕೋಣೆಯ ಅರ್ಧವನ್ನು ಬಿಟ್ಟುಕೊಟ್ಟವಳು ಅವಳೇ. ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಮುಖ್ಯಸ್ಥೆ ಮೇಡಂ ಮುಂದೆ ನಿಲ್ಲಿಸಿದವಳೂ ಅವಳೇ. ಒಂದು ಕಡೆ ಕೂರದೆ ಸುತ್ತುತ್ತಾಳೆಂದು ಮನೆಯಲ್ಲಿ ಇಟ್ಟ ಹೆಸರು ಅಲ್ಲಿಗೂ ಹೋಗಿ, ಕುಳಿತೇ ಮಾಡಬೇಕಾದ ಆ ಕೆಲಸಕ್ಕೆ ಬುಗುರಿ ಹೇಗೆ ಒಗ್ಗುತ್ತಾಳೋ ಎಂದು ಎಲ್ಲರೂ ನಕ್ಕಿದ್ದರು. ಕುಂಚ ಹಿಡಿಯುವುದನ್ನು ಅಕ್ಕನೇ ಕಲಿಸಿಕೊಟ್ಟಳು. ಕುಂಚವೆಂದರೆ ನಾಲ್ಕೇ ಕೂದಲಿನದು. ಒದ್ದೆ ತುದಿಯನ್ನು ಮುಟ್ಟಿಸಿದರೆ ಸಾಸಿವೆಗಿಂತ ಎಷ್ಟೋ ಸಣ್ಣ ಚಿಪ್ಪು ಅದಕ್ಕೆ ಅಂಟಿಕೊಂಡು ಮೇಲೇಳಬೇಕು. ಭೂಮಿ ಈಗಿನದಕ್ಕಿಂತ ಎಷ್ಟೋ ಬಿಸಿಯಾಗಿದ್ದ, ಧ್ರುವಗಳಲ್ಲಿ ಕೂಡ ಹಿಮವಿಲ್ಲದ, ಕೋಟಿಗಟ್ಟಲೆ ವರ್ಷಗಳ ಹಿಂದಿನ ಒಂದು ಕಾಲದಲ್ಲಿ ಕಡಲ ಮೇಲ್ಪದರದಲ್ಲಿ ತೇಲಿಕೊಂಡಿದ್ದ ಜೀವಗಳವು. ಸತ್ತು ತಳಕ್ಕೆ ಇಳಿದು ಕೆಸರಾಗಿದ್ದವು. ಹಡಗಿನವರು ತಳ ಕೊರೆದು ಆ ಕೆಸರನ್ನು ತಂದು ಕೊಟ್ಟರೆ ಇವರು ತೊಳೆದು, ಜರಡಿ ಹಿಡಿದು, ಮೈಕ್ರೋಸ್ಕೋಪಿನ ಕೆಳಗೆ ಕಪ್ಪು ತಟ್ಟೆಯಲ್ಲಿ ಹರವಿ, ಒಂದೊಂದಾಗಿ ಆರಿಸಬೇಕು. ಆರಿಸಿದ್ದನ್ನು ಯಂತ್ರ ಕರಗಿಸಿ, ಆ ಜೀವ ಬದುಕಿದ್ದ ನೀರು ಎಷ್ಟು ಬೆಚ್ಚಗಿತ್ತು ಎಂದು ಹೇಳುತ್ತದೆ. ಇನ್ನು ನೂರು ವರ್ಷಕ್ಕೆ ಲೋಕ ಎಷ್ಟು ಕಾಯುತ್ತದೆ ಎಂದು ಕಂಪ್ಯೂಟರಿನಲ್ಲಿ ಗುಣಿಸುವವರು ಬೇರೊಂದು ಊರಿನಲ್ಲಿ ಕುಳಿತು ಈ ಅಂಕಿಗೆ ಕಾಯುತ್ತಾರೆ. ಗಾಳಿಯಲ್ಲಿ ಅಷ್ಟೊಂದು ಇಂಗಾಲವಿದ್ದ ಆ ಹಳೆಯ ಕಾಲದ ಬಿಸಿಯನ್ನೇ ಅವರ ಲೆಕ್ಕ ಸರಿಯಾಗಿ ಹೇಳಲಾರದಾದರೆ, ಬರಲಿರುವ ಕಾಲದ ಬಗ್ಗೆ ಅದು ಹೇಳುವುದನ್ನು ನಂಬುವುದು ಹೇಗೆ?

ಅವರ ಲೆಕ್ಕದಲ್ಲಿ ಆ ಕಡಲು ಯಾವಾಗಲೂ ಕುದಿಯುವಷ್ಟು ಬಿಸಿ ಬರುತ್ತಿತ್ತು. ಅವಳ ಚಿಪ್ಪುಗಳು ಇಪ್ಪತ್ತನಾಲ್ಕು ಎಂದವು. ಈಗಿನ ಅದೇ ಕಡಲಿಗಿಂತ ತಂಪು. ವಿಚಿತ್ರ ಎಂದು ಲೆಕ್ಕದವರು ಗೊಣಗಿದರು, ಮೇಡಂ ಕೂಡ ಮೊದಮೊದಲು ಹುಬ್ಬು ಗಂಟಿಕ್ಕಿದರು. ಮತ್ತೆ ಮತ್ತೆ ಆರಿಸಿದರೂ ಅದೇ ಬಂದಾಗ, "ಲೆಕ್ಕ ತಪ್ಪಬಹುದು, ಚಿಪ್ಪು ಸುಳ್ಳು ಹೇಳಲ್ಲ," ಎಂದರು. ಲೆಕ್ಕದವರು ತಮ್ಮ ಲೆಕ್ಕದ ಉರಿಯನ್ನು, ಬರಲಿರುವ ಕಾಲದ್ದನ್ನೂ ಸೇರಿಸಿ, ಸ್ವಲ್ಪ ಇಳಿಸಿಕೊಂಡರು. ಎರಡು ವರ್ಷದಲ್ಲಿ ಅವಳಿಗೆಂದು ಇದ್ದದ್ದು ಇದೊಂದೇ. ಅಮ್ಮ ಇದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡು, ಎದುರುಮನೆಯವರಿಗೂ ಟೈಲರಿಗೂ, "ಏನೂ ಹೆದರ್ಬೇಡಿ, ಪೇಪರ್ನೋರು ಬರೆಯೋ ಅಷ್ಟೇನೂ ಸೆಕೆ ಆಗಲ್ವಂತೆ, ನಮ್ಮ ದೊಡ್ಡವಳು ನೋಡಿದಾಳೆ," ಎಂದು ಹೇಳಿ ಬಂದಿದ್ದಳು. ಟೈಲರು ಅಂದಿನಿಂದ ದೊಡ್ಡವಳನ್ನು ಕಂಡರೆ ಸ್ವಲ್ಪ ತಲೆ ಬಾಗಿಸುತ್ತಿದ್ದ, ಸೆಕೆಯನ್ನು ಅವಳೇ ಸ್ವತಃ ಮಾತಾಡಿ ಕಡಿಮೆ ಮಾಡಿಸಿದಂತೆ. ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಆ ಅಂಗಡಿಯ ದಾರಿಯಲ್ಲೇ ಹೋಗುತ್ತಿದ್ದಳು.

ಬುಗುರಿ ಬಸ್ಸಿಳಿದಲ್ಲೇ ಯಾರೋ ಗೆಳತಿ ಸಿಕ್ಕಿ ಹಿಂದೆ ಉಳಿದಳು. ಅಕ್ಕ ಒಬ್ಬಳೇ ನಡೆದು ಹೋದಾಗ ಪ್ರಯೋಗಾಲಯದ ಗೇಟಿನ ಕಾವಲುಗಾರ ಅವಳ ಹಿಂದಿನ ಖಾಲಿ ರಸ್ತೆಯನ್ನು ನೋಡಿ, "ಇವತ್ತು ಯಾರೂ ಬಂದಿಲ್ವಾ?" ಎಂದು ಕೇಳಿದ. ಅವಳು "ಬರ್ತಾಳೆ" ಎಂದಳು. ಮೆಟ್ಟಿಲು ಹತ್ತುವಾಗ ಆ ಪ್ರಶ್ನೆ ಚಪ್ಪಲಿಗೆ ಅಂಟಿದ ಗೋಂದಿನಂತೆ ಹೆಜ್ಜೆ ಹೆಜ್ಜೆಗೂ ಸದ್ದು ಮಾಡಿತು. ಯಾರೂ ಬಂದಿಲ್ವಾ. ನಾನು ಬಂದಿದ್ದೇನಲ್ಲ ಎಂದು ಹೇಳಬಹುದಿತ್ತು, ಬುಗುರಿಯಾಗಿದ್ದರೆ, "ನಾನೇನು ದೆವ್ವಾನಾ ಅಣ್ಣಾ?" ಎಂದು ಕೈ ತಟ್ಟಿ ನಗಿಸಿ ಅವನ ಬಾಯಿಂದ ತಪ್ಪಾಯ್ತು ಅನ್ನಿಸುತ್ತಿದ್ದಳು. ತನಗೋ ಉತ್ತರಗಳು ಯಾವಾಗಲೂ ತಡವಾಗಿ, ಮೆಟ್ಟಿಲ ಮೇಲೆ ಹೊಳೆಯುತ್ತಿದ್ದವು.

ಕೋಣೆ ಖಾಲಿಯಿತ್ತು. ಕಿಟಕಿಯ ಬಳಿ ಬುಗುರಿಯ ಮೇಜು. ಮೊದಲು ಅದು ಅಕ್ಕನದಾಗಿತ್ತು, ಬುಗುರಿಗೆ ಬೆಳಕು ಬೇಕಂತೆ ಎಂದು ಮೇಡಂ ಹೇಳಿದಾಗ ಅವಳೇ ಎತ್ತಿ ಕೊಟ್ಟಿದ್ದಳು. ತೊಟ್ಟಿಯ ಪಕ್ಕದ ಬಕೆಟ್ಟಿನಲ್ಲಿ ಬೂದು ಬಣ್ಣದ ಜೇಡಿಮಣ್ಣಿನ ಉಂಡೆಗಳು ಇನ್ನೂ ನೆನೆಯುತ್ತಿದ್ದವು. ಅವುಗಳನ್ನು ನೋಡಿ ಅವಳಿಗೆ ಒಳಗೆಲ್ಲೋ ಚುಚ್ಚಿತು. ಬುಗುರಿ ಸೇರಿದ ಮೇಲೆ ಹಡಗಿನಿಂದ ಅದೇ ಕಾಲದ ಇನ್ನೆರಡು ಪೆಟ್ಟಿಗೆ ಬಂದಿದ್ದವು. ಒಂದು ಅವಳು ಮೊದಲಿನಿಂದ ಆರಿಸುತ್ತಿದ್ದ ನಡುಗಡಲಿನ ಬಿಳಿ ಕೆಸರು, ನೀರು ಬಿಟ್ಟರೆ ಸಕ್ಕರೆಯಂತೆ ಬಿಡಿಬಿಡಿಯಾಗುವಂಥದ್ದು. ಇನ್ನೊಂದು ದಡದ ಕಡೆಯದು, ಜೇಡಿ. ಜರಡಿಯ ಕಣ್ಣು ಕಟ್ಟಿ, ಉಗುರಿನ ಸಂದಿಯಲ್ಲಿ ಸೇರಿ, ಎಷ್ಟು ತೊಳೆದರೂ ಕರಗದ ಪೀಡೆ. ಮೇಡಂ ಅಂದು ಬುಗುರಿಯ ಭುಜದ ಮೇಲೆ ಕೈಯಿಟ್ಟು, "ನಿಮ್ಮಲ್ಲಿ ಯಾರಿಗೆ ಯಾವುದು ಅಂತ ನೀವೇ ಅಕ್ಕ ತಂಗಿ ಮಾತಾಡ್ಕೊಳ್ಳಿ," ಎಂದಿದ್ದರು. ಮಾತಾಡುವುದೇನು ಬಂತು? ಅವಳು ಜೇಡಿಯ ಪೆಟ್ಟಿಗೆಯನ್ನು ಕಾಲಿನಿಂದ ಬುಗುರಿಯ ಕಡೆ ತಳ್ಳಿದ್ದಳು. "ಕಲಿಯೋರಿಗೆ ಇದೇ ಒಳ್ಳೇದು ಕಣೇ." ಭುಜದ ಮೇಲಿನ ಆ ಕೈ ಇಲ್ಲದಿದ್ದರೆ ಅರ್ಧ ಅರ್ಧ ಹಂಚಿಕೊಳ್ಳುತ್ತಿದ್ದಳೋ ಏನೋ. ಬುಗುರಿ ಮೊಣಕೈವರೆಗೆ ಕೆಸರು ಮಾಡಿಕೊಂಡು, "ಅಕ್ಕಾ, ನನ್ನ ಕೈ ನೋಡು, ಎಮ್ಮೆ ಕಾಲು!" ಎಂದು ನಗುತ್ತ ತಿಂಗಳುಗಟ್ಟಲೆ ತೊಳೆದಳು. ಆ ನಗುವಿನಿಂದಾಗಿ ಕೊಟ್ಟ ಶಿಕ್ಷೆ ಶಿಕ್ಷೆಯೇ ಆಗದೆ ಹೋಯಿತು.

ಏನು ತಪ್ಪಾಗಿದೆ ಎಂದು ನೋಡಬೇಕು ಎನ್ನಿಸಿತು ಅವಳಿಗೆ. ಬುಗುರಿ ಒಪ್ಪಿಕೊಂಡಾಗಿದೆ, ಮಧ್ಯಾಹ್ನ ಎಲ್ಲರ ಮುಂದೆ ಹೇಳಲಿದ್ದಾಳೆ. ಆದರೆ ಒಪ್ಪಿಕೊಂಡರೆ ಸಾಕೆ? ತಪ್ಪನ್ನು ಕಣ್ಣಾರೆ ಕಂಡು, ಇದೇ, ಇಲ್ಲಿ, ಎಂದು ಬೆರಳಿಡುವ ಸುಖ ಬೇಕಿತ್ತು. ಬೇರೆ ಜಾತಿಯ ಚಿಪ್ಪನ್ನು ಆರಿಸಿರಬಹುದು. ಮರಳಿನ ಕಣಗಳನ್ನೇ ಯಂತ್ರಕ್ಕೆ ಕಳಿಸಿರಬಹುದು. ಬಾಗಿಲ ಕಡೆ ಒಮ್ಮೆ ನೋಡಿ, ಬುಗುರಿಯ ಉಳಿದ ತಟ್ಟೆಯನ್ನು ತನ್ನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಕಣ್ಣು ಕೀಲಿಸಿದಳು. ತಟ್ಟೆ ಖಾಲಿ. ಕಪ್ಪು, ಬರೀ ಕಪ್ಪು. ಅವಳ ಎದೆ ಸಂತೋಷದಿಂದ ಒಮ್ಮೆ ಹಾರಿತು. ಹುಡುಗಿ ಏನನ್ನೂ ಆರಿಸಿಯೇ ಇಲ್ಲ! ದೀಪವನ್ನು ಓರೆ ಮಾಡಿದಳು. ಆಗ ಕಪ್ಪಿನ ಮೇಲೆ ಒಂದು ಅಂಚು ಮಿನುಗಿತು, ಆಮೇಲೆ ಇನ್ನೊಂದು. ತೊಳೆದ ಗಾಜಿನ ಗುಳ್ಳೆಗಳಂತೆ, ಹಿಂದಿರುವುದನ್ನು ತೋರಿಸುವ, ತಾವೇ ಕಾಣದ ಚಿಪ್ಪುಗಳು. ಗೋಡೆಯಲ್ಲಿನ ರಂಧ್ರಗಳು ಸೂಜಿಯಿಂದ ಚುಚ್ಚಿದಷ್ಟು ಸ್ಪಷ್ಟ. ಜಾತಿಯೂ ಸರಿಯಾಗಿತ್ತು, ತಾನು ಆರಿಸುವ ಚಿಪ್ಪಿನ ಜಾತಿಯೇ. ನಿನ್ನೆ ಸತ್ತವೇನೋ ಎನ್ನುವಷ್ಟು ಹೊಸದಾಗಿದ್ದವು.

ಕೈ ತಾನಾಗಿ ತನ್ನ ತಟ್ಟೆಯನ್ನು ತಂದು ಪಕ್ಕಕ್ಕಿಟ್ಟಿತು. ಅವಳ ಚಿಪ್ಪುಗಳು ಬೆಳ್ಳಗಿದ್ದವು. ಎರಡು ವರ್ಷ ಅವುಗಳ ಆ ಬಿಳುಪನ್ನು ಪ್ರೀತಿಸಿದ್ದಳು. ಕಪ್ಪು ತಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಚೆಲ್ಲಿದಂತೆ ಎದ್ದು ಕಾಣುತ್ತಿದ್ದುದರಿಂದಲೇ ಕುಂಚ ಅವುಗಳತ್ತ ಹೋಗುತ್ತಿತ್ತು. ಮಬ್ಬಾದವನ್ನು, ಕಣ್ಣಿಗೆ ಸಿಗದವನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಮೈಕ್ರೋಸ್ಕೋಪಿನಲ್ಲಿ ಇನ್ನೂ ದೊಡ್ಡದು ಮಾಡಿ ನೋಡಿದಳು. ಬಿಳುಪು ಚಿಪ್ಪಿನದಾಗಿರಲಿಲ್ಲ. ಚಿಪ್ಪಿನ ಮೇಲೆ ಮೈತುಂಬ ಹರಳು ಬೆಳೆದಿತ್ತು, ಚಳಿಗಾಲದಲ್ಲಿ ಕಿಟಕಿಯ ಗಾಜಿಗೆ ಮಂಜು ಕಟ್ಟಿದಂತೆ. ಜೀವ ಬಿಟ್ಟು, ತಳಕ್ಕೆ ಬಿದ್ದು, ಅಲ್ಲಿಯ ಕತ್ತಲ ಕೊರೆಯುವ ನೀರಿನಲ್ಲಿ ಕಾಲಾಂತರ ಕುಳಿತಾಗ ಬೆಳೆದ ಹರಳು. ಯಂತ್ರ ಎರಡನ್ನೂ ಸೇರಿಸಿ ಕರಗಿಸಿತ್ತು, ಮೇಲಿನ ಬಿಸಿಲನ್ನೂ ತಳದ ಚಳಿಯನ್ನೂ. ಇಪ್ಪತ್ತನಾಲ್ಕು ಯಾವ ಕಡಲಿನ ಬಿಸಿಯೂ ಅಲ್ಲ. ಜೇಡಿಯೊಳಗೆ ಆ ನೀರು ಓಡಾಡಲಾಗದೆ ಬುಗುರಿಯ ಚಿಪ್ಪುಗಳು ಬದುಕಿದ್ದಾಗ ಹೇಗಿದ್ದವೋ ಹಾಗೇ ಉಳಿದಿವೆ. ಇಂಥದ್ದಾಗುತ್ತದೆಂದು ಎಲ್ಲೋ ಓದಿದ್ದಳು ಕೂಡ. ಓದುವಾಗ ಅದು ಬೇರೆಯವರ ಚಿಪ್ಪಿಗೆ ಆಗುವಂಥದ್ದೆಂದು ಹಾಳೆ ತಿರುವಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಶಾಲೆಯ ಗಾದೆ ಕೆಟ್ಟ ಸಮಯಕ್ಕೆ ನೆನಪಾಗಿ ಹಲ್ಲು ಕಚ್ಚಿದಳು. ಜೇಡಿಯ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದ್ದು ತಾನು. ನಿಜವನ್ನು ಪೆಟ್ಟಿಗೆಯಲ್ಲಿ ತುಂಬಿ, ಕೊಳಕೆಂದು ಮೂಗು ಮುರಿದು, ತಂಗಿಗೆ ದಾನ ಕೊಟ್ಟದ್ದು.

"ಏನು ಕಣ್ಣು ಅಷ್ಟು ಕೆಂಪಗೆ? ಅಳ್ತಿದೀರೋ, ಆರಿಸ್ತಿದೀರೋ?" ಯಂತ್ರದ ಮಾಮ ಬಾಗಿಲಲ್ಲಿ ನಿಂತಿದ್ದರು. ಯಂತ್ರ ನೋಡಿಕೊಳ್ಳುವ, ಅದರ ಜೊತೆ ಗಂಡ ಹೆಂಡಿರಂತೆ ಜಗಳವಾಡುವ ದೊಡ್ಡ ಹೊಟ್ಟೆಯ ಮನುಷ್ಯ. ಬುಗುರಿಯೇ ಮಾಮ ಎಂದು ಕರೆದು ಎಲ್ಲರ ಬಾಯಲ್ಲೂ ಅದನ್ನೇ ಮಾಡಿದ್ದಳು. ಅಕ್ಕ ಮಾತ್ರ ಸರ್ ಎನ್ನುತ್ತಿದ್ದಳು.

"ಏನಿಲ್ಲ ಸರ್. ಧೂಳು."

"ಬುಗುರಿ ಎಲ್ಲಿ? ಅವಳ ಅಂಕಿ ನೋಡಿದಾಗಿಂದ ನನ್ನ ಯಂತ್ರಕ್ಕೇ ಜ್ವರ ಬಂದಿದೆಯೇನೋ ಅಂತ ಅನುಮಾನ. ಮತ್ತೆ ಮತ್ತೆ ನೋಡ್ದೆ, ಯಂತ್ರ ಗಟ್ಟಿಮುಟ್ಟಾಗಿದೆ. ಪಾಪ, ಮಗೂಗೆ ಬೇಜಾರಾಗಿರ್ಬೇಕು." ಜೇಬಿನಿಂದ ಎರಡು ಚಾಕೊಲೇಟು ತೆಗೆದು ಬುಗುರಿಯ ಮೇಜಿನ ಮೇಲಿಟ್ಟು ಹೋದರು. ಒಂದು ತನಗಿರಬಹುದು ಎಂದು ಅವಳು ಕೊಂಚ ಹೊತ್ತು ನೋಡಿದಳು. ಎರಡೂ ಒಂದರ ಮೇಲೊಂದು ಒರಗಿಕೊಂಡು ಅಲ್ಲೇ ಇದ್ದವು.

ಆಮೇಲೆ ಅವಳು ಎರಡೂ ತಟ್ಟೆಗಳನ್ನು ಅವುಗಳ ಜಾಗದಲ್ಲಿಟ್ಟಳು. ಯಾರೂ ನೋಡಿಲ್ಲ. ಮಾಡಬೇಕಾದ್ದು ಏನೂ ಇಲ್ಲ. ಏನೂ ಮಾಡದಿರುವುದರಲ್ಲಿ ಅವಳಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಬುಗುರಿ ಎದ್ದು ನಿಲ್ಲುತ್ತಾಳೆ, ಬಿಸಾಕಿ ಎನ್ನುತ್ತಾಳೆ, ಇಪ್ಪತ್ತನಾಲ್ಕು ಹೋಗುತ್ತದೆ. ಲೆಕ್ಕದವರು ತಮ್ಮ ಉರಿಯನ್ನು ಇನ್ನಷ್ಟು ಇಳಿಸುತ್ತಾರೆ. ಅದನ್ನು ನೋಡಿ ಯಾವುದೋ ಕಚೇರಿಯಲ್ಲಿ ಯಾರೋ ಒಂದು ಗೋಡೆಯನ್ನು ಗಿಡ್ಡ ಕಟ್ಟಿಸುತ್ತಾರೆ, ಒಂದು ಊರನ್ನು ಕಡಲ ಪಕ್ಕದಲ್ಲೇ ಇರಗೊಡುತ್ತಾರೆ, ಹೊಗೆಯನ್ನು ಇನ್ನೊಂದಷ್ಟು ವರ್ಷ ಬಿಡಬಹುದೆಂದು ಸಹಿ ಹಾಕುತ್ತಾರೆ. ಅವರೆಲ್ಲ ಅವಳಿಗೆ ಗೋಡೆಯ ಮೇಲಿನ ನೆರಳಿನಷ್ಟು ದೂರ. ಹತ್ತಿರವಿದ್ದದ್ದು ಆ ಕಿಟಕಿಯ ಬಳಿಯ ಮೇಜು. ಊಟದ ಹೊತ್ತಿಗೆ ಬುಗುರಿ ತನ್ನ ಡಬ್ಬಿಯಿಂದ ಅರ್ಧವನ್ನು ಅವಳ ಮುಚ್ಚಳಕ್ಕೆ ಹಾಕುತ್ತ, "ಅಕ್ಕಾ, ನಾನು ಎಲ್ಲಿ ತಪ್ಪಿದೆ ಅಂತ ನಿಂಗೆ ಗೊತ್ತಾಯ್ತಾ?" ಎಂದಳು.

"ಇಲ್ಲ."

"ಬೈಕೋತೀಯಾ ಅಂತ ಕೇಳಿರ್ಲಿಲ್ಲ. ನನ್ನವು ಮಬ್ಬಾಗಿ ಕಾಣ್ತವೆ, ಕಣ್ಣಿಗೇ ಬೀಳಲ್ಲ. ನಿಂದು ನೋಡಿದ್ರೆ, ಅಯ್ಯೋ, ಎಷ್ಟು ಬೆಳ್ಳಗೆ, ಎಷ್ಟು ಚೆನ್ನಾಗಿ ಆರಿಸ್ತೀಯಾ! ನಂಗೆ ಯಾವಾಗ ಬರತ್ತೋ ಆ ಕೈ."

ಈ ಮಾತಿನಲ್ಲಿ ಕೊಂಕಿರಲಿಲ್ಲ; ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಬುಗುರಿಯ ಮುಖದ ತುಂಬ ಒಂದು ಜಾಗವಾದರೂ ಕೊಳೆತಿರಬಹುದೆಂದು ಅವಳು ಹುಡುಕಿದಳು. ಕೆಳತುಟಿಯ ಬಳಿ ಅನ್ನದ ಅಗುಳೊಂದು ಮಾತ್ರ ಅಂಟಿಕೊಂಡಿತ್ತು. ಮುಚ್ಚಳದಲ್ಲಿದ್ದುದನ್ನು ತಿಂದಳು. ಚೆನ್ನಾಗಿತ್ತು, ಎರಡು ಡಬ್ಬಿಗೂ ಅಮ್ಮ ಒಂದೇ ಪಾತ್ರೆಯಿಂದ ಹಾಕಿದ್ದರೂ ಬುಗುರಿಯದು ಯಾಕೋ ಹೆಚ್ಚು ಚೆನ್ನಾಗಿತ್ತು.

ಮೀಟಿಂಗಿನ ಕೋಣೆಯಲ್ಲಿ ಉದ್ದ ಮೇಜು, ಒಂದೇ ಕಡೆ ಗಾಳಿ ಬೀಸುವ ಫ್ಯಾನು. ಮೇಡಂ ತಲೆಯ ಕಡೆ, ಪಕ್ಕದಲ್ಲಿ ಯಂತ್ರದ ಮಾಮ, ಇನ್ನುಳಿದ ನಾಲ್ಕೈದು ಜನ. ಅವಳು ಫ್ಯಾನಿನ ಗಾಳಿ ತಾಗದ ತುದಿಯಲ್ಲಿ ಕುಳಿತಳು. ಬೋರ್ಡಿನ ಮೇಲೆ ಎರಡು ಅಂಕಿ ಬರೆದು ಮೇಡಂ ಸೀಮೆಸುಣ್ಣ ಕೆಳಗಿಡುವ ಮೊದಲೇ ಬುಗುರಿ ಎದ್ದು ನಿಂತಿದ್ದಳು.

"ಮೇಡಂ, ಹುಡುಕೋದೇ ಬೇಡ. ನಂದೇ ತಪ್ಪು. ಅಕ್ಕ ಎರಡು ವರ್ಷದಿಂದ ಮಾಡ್ತಿದಾಳೆ, ನಾನು ಮೊನ್ನೆ ಮೊನ್ನೆ ಕುಂಚ ಹಿಡಿದೋಳು. ನಂದು ಅಳಿಸ್ಬಿಡಿ. ಸಮುದ್ರದಲ್ಲಿದ್ದ ಮೀನೆಲ್ಲ ಬೆಂದು ಹೋಗೋ ಮೊದ್ಲು."

ಎಲ್ಲರೂ ನಕ್ಕರು. ಮಾಮನ ಹೊಟ್ಟೆ ಮೇಜಿಗೆ ತಾಗಿ ಲೋಟಗಳು ಕಿಣಿಗುಟ್ಟಿದವು. ಮೇಡಂ ಕೂಡ ನಕ್ಕರು. ಕನ್ನಡಕ ತೆಗೆದು, ಬುಗುರಿಯನ್ನು ಬರೀ ಕಣ್ಣಿನಿಂದ ನೋಡಿ, "ಪರವಾಗಿಲ್ಲ ಮಗು," ಎಂದರು. "ತಪ್ಪು ಮಾಡದೆ ಕಲಿತೋರು ಯಾರು? ನಿನ್ನ ವಯಸ್ಸಲ್ಲಿ ನಾನು ಇಡೀ ತಟ್ಟೆ ಮೇಲೆ ಸೀನಿದ್ದೆ. ಆರು ತಿಂಗಳ ಕೆಲಸ. ನಮ್ಮ ಗುರುಗಳು ಕರವಸ್ತ್ರ ಕೊಟ್ರು, ಅಷ್ಟೇ. ಒಂದು ಮಾತು ಬೈಲಿಲ್ಲ." ಮತ್ತೆ ನಗು. ಮೇಡಂ ಈ ಕಥೆಯನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ; ಅವಳಿಗಂತೂ ಹೇಳಿರಲಿಲ್ಲ. ಹೇಳಲು ಅವಳು ಸಂದರ್ಭವನ್ನೇ ಕೊಟ್ಟಿರಲಿಲ್ಲ. ಎರಡು ವರ್ಷ ಒಂದು ತಪ್ಪನ್ನೂ ಮಾಡದೆ, ಒಂದು ಚಿಪ್ಪನ್ನೂ ಬೀಳಿಸದೆ, ತಾನು ಸಂಪಾದಿಸಿದ್ದು "ಹೂಂ, ಸರಿ" ಎಂಬ ಎರಡು ಪದ. ಬುಗುರಿ ಒಂದೇ ತಪ್ಪಿಗೆ ಈ ನಗು, ಈ ಕನ್ನಡಕವಿಲ್ಲದ ಕಣ್ಣು, ಈ ಮಗು ಎಂಬ ಮಾತು, ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ನಿಂತಿದ್ದಳು. ಅದೂ ಯಾರ ತಪ್ಪಿಗೆ? ಇಡೀ ಕೋಣೆ ಪ್ರೀತಿಸುತ್ತಿರುವ ಆ ತಪ್ಪು ತನ್ನದು. ತಾನೇ ಕೂತು, ಕಣ್ಣು ಕೆಂಪಾಗಿಸಿಕೊಂಡು, ಬಿಳುಪನ್ನು ಹುಡುಕಿ ಹುಡುಕಿ ಮಾಡಿದ್ದು. ಇದನ್ನೂ ಇವಳೇ ತೆಗೆದುಕೊಳ್ಳಬೇಕೆ? ಕಿಟಕಿಯಾಯಿತು, ಕಿತ್ತಳೆಯಾಯಿತು, ಇದೂ?

ಮೇಡಂ ಒರೆಸಲೆಂದು ಬಟ್ಟೆ ಎತ್ತಿಕೊಂಡರು.

"ಅದು ನಂದು," ಎಂದಳು ಅವಳು.

ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು, ಪೆನ್ಸಿಲು ಕಸಿದುಕೊಂಡವರ ಮೇಲೆ ಮಕ್ಕಳು ಕಿರುಚುವಂತೆ. ಎಲ್ಲ ತಲೆಗಳೂ ತಿರುಗಿದವು. ನಿಲ್ಲಿಸಲು ಆಗಲಿಲ್ಲ. "ತಪ್ಪು ನಂದು. ಅವಳದ್ದಲ್ಲ. ಅವಳು ಏನೂ ತಪ್ಪು ಮಾಡಿಲ್ಲ. ನನ್ನ ಚಿಪ್ಪಿನ ಮೇಲೆ ಹರಳು ಬೆಳೆದಿದೆ ಮೇಡಂ, ಎಲ್ಲದರ ಮೇಲೂ, ತಳದಲ್ಲಿ ಬಿದ್ದಮೇಲೆ ಬೆಳೆದದ್ದು. ಅದಕ್ಕೇ ತಂಪು ಬರ್ತಿತ್ತು. ಜೇಡಿಯೊಳಗಿನವು ಗಾಜಿನ ಹಾಗಿವೆ. ಬೆಳಿಗ್ಗೆ ನೋಡ್ದೆ. ಬೆಳಿಗ್ಗೇನೇ ನೋಡಿದ್ದೆ."

"ಬೆಳಿಗ್ಗೇನಾ ಅಕ್ಕಾ?" ಎಂದಳು ಬುಗುರಿ ಮೆಲ್ಲಗೆ. ಊಟದ ಹೊತ್ತಿನ ಆ "ಇಲ್ಲ" ಇಬ್ಬರ ನಡುವೆ ಬಂದು ನಿಂತಿತು. ಅವಳು ಆ ಕಡೆ ನೋಡಲಿಲ್ಲ.

ಮೇಡಂ ಬಟ್ಟೆಯನ್ನು ಕೆಳಗಿಟ್ಟು ಕನ್ನಡಕ ಹಾಕಿಕೊಂಡರು. ತಟ್ಟೆಗಳನ್ನು ತರಿಸಿದರು. ಕೋಣೆಯ ಮೂಲೆಯ ಮೈಕ್ರೋಸ್ಕೋಪಿಗೆ ಬಾಗಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲಿನದನ್ನು. ಆಮೇಲೆ ಮಾಮ ನೋಡಿದರು. ಮೇಡಂ ಮರಳಿ ಬೋರ್ಡಿನ ಬಳಿ ಹೋಗಿ ಅವಳ ಇಪ್ಪತ್ತನಾಲ್ಕನ್ನು ಒರೆಸಿದರು. ಒರೆಸಿದ ಮೇಲೂ ಅದರ ಬೂದಿಯಂಥ ಗುರುತು ಉಳಿದಿತ್ತು. ಈಗ ಹೇಳುತ್ತಾರೆ ಎಂದು ಅವಳು ಉಗುರು ಒತ್ತಿಕೊಂಡು ಕಾದಳು. ಪರವಾಗಿಲ್ಲ ಮಗು. ಆ ಎರಡು ಪದಗಳಿಗಾಗಿ ಅವಳು ತನ್ನ ಎರಡು ವರ್ಷವನ್ನು ಮೇಜಿನ ಮೇಲಿಟ್ಟಿದ್ದಳು; ಹೋಗಲಿ, ಮಗು ಎನ್ನದಿದ್ದರೂ ನಡೆಯುತ್ತಿತ್ತು.

ಮೇಡಂ ಅವಳತ್ತ ತಿರುಗಲಿಲ್ಲ. ಉಳಿದ ಒಂಟಿ ಮೂವತ್ತಮೂರರ ಮುಂದೆ ನಿಂತಿದ್ದರು. "ಹಾಗಾದ್ರೆ ಲೆಕ್ಕದವರು ಮೊದ್ಲಿಂದ ಹೇಳ್ತಿದ್ದದ್ದು..." ಎಂದು ಶುರು ಮಾಡಿ ಮುಗಿಸಲಿಲ್ಲ. "ನಾವೇ ಅಲ್ವಾ ಅವರಿಗೆ ಇಳಿಸಿ ಅಂದದ್ದು," ಎಂದರು ಮಾಮ. ಅವರ ಧ್ವನಿಯಲ್ಲಿ ಎಂದಿನ ನಗು ಇರಲಿಲ್ಲ. ಯಾರೋ ಒಂದು ಕಾಗದದ ಅಂಚಿನಲ್ಲಿ ಏನನ್ನೋ ಕೂಡಿಸಿ, ಕಳೆದು, ಹೊಡೆದು ಹಾಕಿ, ಮತ್ತೆ ಕೂಡಿಸಿದರು. ಬುಗುರಿ ಇನ್ನೂ ನಿಂತೇ ಇದ್ದಳು. ತಾನು ಗೆದ್ದೆನೆಂದು ಅವಳಿಗೂ ಯಾರೂ ಹೇಳಿರಲಿಲ್ಲ, ಅವಳು ಕೂರುವುದನ್ನೇ ಮರೆತಿದ್ದಳು. ಯಾರ ಕಣ್ಣೂ ಬುಗುರಿಯ ಮೇಲಿರಲಿಲ್ಲ. ಯಾರ ಕಣ್ಣೂ ಅಕ್ಕನ ಮೇಲೂ ಇರಲಿಲ್ಲ. ಎಲ್ಲರೂ ಆ ಅಂಕಿಯನ್ನು ನೋಡುತ್ತಿದ್ದರು, ವೈದ್ಯರ ಬಾಯಿಂದ ಮನೆಯವರ ಬಗ್ಗೆ ಮಾತು ಕೇಳಿದವರ ಹಾಗೆ. ಆ ನೋಟದೊಳಗೆ ತನ್ನ ಅಮ್ಮನೂ ಇದ್ದಾಳೆ, ಟೈಲರೂ ಇದ್ದಾನೆ, ಇನ್ನೂ ಹುಟ್ಟದವರೂ ಇದ್ದಾರೆ ಎಂದು ಅವಳಿಗೆ ಗೊತ್ತಿತ್ತು; ಗೊತ್ತಿದ್ದೂ, ಬುಗುರಿ ಬಂದ ದಿನದಿಂದ ಮೊದಲ ಬಾರಿಗೆ ತಾವಿಬ್ಬರೂ ಒಂದೇ ಸಮನಾಗಿ ಯಾರಿಗೂ ಕಾಣದೆ ಕುಳಿತಿರುವ, ನಿಂತಿರುವ ಈ ಗಳಿಗೆಯಲ್ಲಿ ಅವಳ ಎದೆಯೊಳಗೆ ಸಣ್ಣದೊಂದು ನೆಮ್ಮದಿ ಹಬ್ಬಿತು. ಅದು ಏನೆಂದು ಗುರುತಾದೊಡನೆ ಅವಳು ತಲೆ ತಗ್ಗಿಸಿದಳು. ಆದರೂ ಅದು ಹೋಗಲಿಲ್ಲ.